ಕಿರಣಚಿಕಿತ್ಸೆಯೂ ದವಡೆಯ ಮೂಳೆಯೂ

ದವಡೆಗೆ ಸಂಸ್ಕೃತದಲ್ಲಿ ಹನು ಎಂದು ಹೆಸರು. ಉದಯಸೂರ್ಯನನ್ನು ಹಣ್ಣೆಂದು ಬಗೆದು ಆಕಾಶಕ್ಕೆ ನೆಗೆದ ಅಂಜನೆಯ ಮಗನಿಗೆ ಇಂದ್ರನ ವಜ್ರಾಯುಧದ ಪೆಟ್ಟು ತಗುಲಿದ್ದು ಈ ಹನುವಿಗೆ. ಹನುಮಂತನೆಂಬ ಹೆಸರು ಅವನಿಗೆ ಬಂದದ್ದು ಅದರಿಂದ. ಸಾಗರವನ್ನು ದಾಟಿದವನ, ಬೆಟ್ಟವನ್ನು ಹೊತ್ತು ತಂದವನ ಮೈಯಲ್ಲಿಯೂ ಪೆಟ್ಟಿನ ಗುರುತು ಉಳಿದ ಜಾಗ ದವಡೆಯೇ ಆಯಿತೆಂದು ಹುಡುಗರಿಗೆ ಹೇಳಿ, ಪದದ ವ್ಯುತ್ಪತ್ತಿಯನ್ನು ಬರೆಸಿ, ನಾವು ಪಂಡಿತರು ಮುಂದಿನ ಪದ್ಯಕ್ಕೆ ಹೋಗಿಬಿಡುತ್ತೇವೆ. ಇಲ್ಲಿ ಹೇಳಹೊರಟಿರುವುದು ಮನುಷ್ಯನೇ ಕೈಗೆ ತಂದುಕೊಂಡ ಇನ್ನೊಂದು ವಜ್ರದ ಕಥೆ. ಅದು ಪ್ರಾಣ ಉಳಿಸುವುದಕ್ಕೆಂದು ಬಂದದ್ದು, ಉಳಿಸುತ್ತಲೂ ಇದೆ. ಆದರೆ ಅದರ ಪೆಟ್ಟು ಕೂಡ ದವಡೆಗೇ ತಗುಲಿತು. ಆ ಪೆಟ್ಟಿನಿಂದ ದವಡೆಯನ್ನು ಕಾಯುವ ಬಗೆಯನ್ನು ವೈದ್ಯರು ಕಲಿಯುವುದಕ್ಕೆ ನೂರು ವರ್ಷ ಹಿಡಿಯಿತು.

ಬಾಯಿಯ ಕ್ಯಾನ್ಸರ್ ಆದವರಿಗೆ ಕಿರಣಚಿಕಿತ್ಸೆ ಕೊಡುತ್ತಾರೆ. ನಮ್ಮ ಜನ ಇದನ್ನು ‘ಕರೆಂಟು ಕೊಡಿಸುವುದು’ ಎನ್ನುತ್ತಾರೆ. ಆರೇಳು ವಾರ ಪಟ್ಟಣದಲ್ಲಿದ್ದು ಚಿಕಿತ್ಸೆ ಮುಗಿಸಿಕೊಂಡು ರೋಗಿ ಊರಿಗೆ ಬರುತ್ತಾನೆ. ಹುಣ್ಣು ಮಾಯ್ದಿರುತ್ತದೆ. ಮೆಲ್ಲಗೆ ಗದ್ದೆ ತೋಟಗಳ ಕಡೆಗೂ ಹೋಗತೊಡಗುತ್ತಾನೆ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಒಂದು ಹಲ್ಲು ನೋಯುತ್ತದೆ. ಪೇಟೆಗೆ ಹೋಗಿ ಕೀಳಿಸುತ್ತಾನೆ. ಆ ಗುಳಿ ವಾರ ಕಳೆದರೂ ಮುಚ್ಚುವುದಿಲ್ಲ, ತಿಂಗಳು ಕಳೆದರೂ ಮುಚ್ಚುವುದಿಲ್ಲ. ಒಸಡು ಸರಿದು ಎಲುಬು ಬಿಳಿಚಿಕೊಂಡು ಹೊರಗೆ ಕಾಣಿಸುತ್ತದೆ. ಕೀವು, ದುರ್ವಾಸನೆ, ರಾತ್ರಿಯೆಲ್ಲ ನೋವು. ಕೆನ್ನೆಗೆ ತೂತು ಬೀಳುವುದುಂಟು. ಒಂದು ದಿನ ಅಕ್ಕಿರೊಟ್ಟಿ ಅಗಿಯುವಾಗ ದವಡೆ ಲಟಕ್ಕೆಂದು ಮುರಿಯುವುದೂ ಉಂಟು. ಕ್ಯಾನ್ಸರ್ ಮರಳಿ ಬಂತೆಂದು ಮನೆಯವರು ಎದೆಗುಂದುತ್ತಾರೆ. ಎಷ್ಟೋ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ. ಕಿರಣ ತಾಕಿದ ಎಲುಬು ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡು ಸತ್ತಿರುತ್ತದೆ. ವೈದ್ಯರು ಇದಕ್ಕೆ ಆಸ್ಟಿಯೋರೇಡಿಯೋನೆಕ್ರೋಸಿಸ್ ಎಂಬ ಉದ್ದ ಹೆಸರಿಟ್ಟಿದ್ದಾರೆ. ಕಿರಣದಿಂದಾದ ಎಲುಬಿನ ಸಾವು ಎಂದು ಬಿಡಿಸಿಕೊಂಡರೆ ನಮಗೆ ಸಾಕು.

ಸಕಲೇಶಪುರ, ಆಲೂರು ಸೀಮೆಯವರಿಗೆ ಈ ಮಾತು ದೂರದ್ದೇನಲ್ಲ. ಬಿಸಿಲೆ ಘಟ್ಟದಿಂದ ಮೊದಲ್ಗೊಂಡು ಹೆತ್ತೂರು, ಯಸಳೂರು, ಹಾನುಬಾಳು, ಬಾಳ್ಳುಪೇಟೆ, ಮಗ್ಗೆ, ಕೆಂಚಮ್ಮನ ಹೊಸಕೋಟೆಗಳವರೆಗೆ ಎಲೆ ಅಡಿಕೆ ಇಲ್ಲದ ಮನೆ ಅಪರೂಪ. ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಮಳೆ. ಗದ್ದೆಯ ನಾಟಿಯೂ ಕಾಫಿ ತೋಟದ ಕೆಲಸವೂ ನೆನೆದ ಮೈಯಲ್ಲೇ ಆಗಬೇಕು. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಮೈ ಬೆಚ್ಚಗಿರುತ್ತದೆ, ಹಸಿವು ತಡೆಯುತ್ತದೆ ಎಂದು ಲೈನ್ ಮನೆಗಳ ಆಳುಗಳೂ ಹೇಳುತ್ತಾರೆ, ಯಜಮಾನರೂ ಹೇಳುತ್ತಾರೆ. ಕಾಲಿಗೆ ಹತ್ತಿದ ಇಂಬಳವನ್ನು ಬಿಡಿಸುವುದಕ್ಕೂ ಅದೇ ಸಂಚಿಯ ಸುಣ್ಣ, ಅದೇ ಹೊಗೆಸೊಪ್ಪು. ಇಂಬಳ ಕಚ್ಚಿದ ಹಿಡಿಯನ್ನು ಬಿಟ್ಟು ಬೀಳುವಷ್ಟು ತೀಕ್ಷ್ಣವಾದ ಪದಾರ್ಥವನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ನಿದ್ದೆ ಮಾಡುವವರೂ ನಮ್ಮಲ್ಲಿದ್ದಾರೆ.

ತಾಂಬೂಲ ಕನ್ನಡನಾಡಿಗೆ ಬಹು ಹಳೆಯದು. ಬಸವಣ್ಣನವರ ಬಳಿಯಿದ್ದ ಅಪ್ಪಣ್ಣನಿಗೆ ‘ಹಡಪದ’ ಎಂಬ ವಿಶೇಷಣ ಬಂದದ್ದು ಎಲೆ ಅಡಿಕೆಯ ಚೀಲವನ್ನು ಹಿಡಿಯುವ ಕಾಯಕದಿಂದ. ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜಭೋಗಗಳನ್ನು ಹೇಳುವಾಗ ತಾಂಬೂಲಭೋಗಕ್ಕೂ ಸ್ಥಳ ಕೊಟ್ಟಿದ್ದಾನೆ. ಅವರ ಕಾಲದ ತಾಂಬೂಲದಲ್ಲಿ ಹೊಗೆಸೊಪ್ಪು ಇರಲು ಸಾಧ್ಯವೇ ಇಲ್ಲ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದ ನಂತರವೇ ಈ ದೇಶ ಕಂಡದ್ದು. ಹೆಸರನ್ನೇ ನೋಡಿ: ಹೊಗೆಯ ಸೊಪ್ಪು. ಸೇದುವುದಕ್ಕೆಂದು ಬಂದ ಎಲೆ ಆ ಹೆಸರನ್ನು ಹೊತ್ತುಕೊಂಡೇ ಅಗಿಯುವವರ ಬಾಯಿಗೂ ಸೇರಿತು.

ಈ ಅಭ್ಯಾಸಕ್ಕೂ ಬಾಯಿಯ ಅರ್ಬುದಕ್ಕೂ ನಂಟಿದೆಯೆಂಬುದನ್ನು ದಕ್ಷಿಣ ಭಾರತದ ವೈದ್ಯರು ಬಹಳ ಹಿಂದೆಯೇ ಗಮನಿಸಿದ್ದರು. 1902ರಲ್ಲಿ ಮದ್ರಾಸಿನ ಶಸ್ತ್ರವೈದ್ಯ ನಿಬ್ಲಾಕ್ ಎಂಬವರೂ, 1908ರಲ್ಲಿ ತಿರುವಾಂಕೂರಿನ ನೆಯ್ಯೂರು ಆಸ್ಪತ್ರೆಯ ಬೆಂಟಾಲ್ ಎಂಬವರೂ ಇದನ್ನು ಬರೆದು ಪ್ರಕಟಿಸಿದರು; ಬೆಂಟಾಲರ ಲೇಖನ 1,700 ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಒಳಗೊಂಡಿತ್ತು. ಹೊಗೆಸೊಪ್ಪಿಲ್ಲದಿದ್ದರೂ ಅಡಿಕೆಯೊಂದೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿತು. ಅಡಿಕೆ ಬೆಳೆಯುವ ಸೀಮೆಗೆ ಇದು ಹಿತವಾದ ಮಾತಲ್ಲ, ಆದರೂ ಮುಚ್ಚಿಡತಕ್ಕ ಮಾತಲ್ಲ. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನು ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆಯ ಚೀಟಿಯೊಂದು, ತಂಬಾಕಿನ ಚೀಟಿಯೊಂದು ಎಂದು ಬೇರೆಬೇರೆಯಾಗಿ ಮಾರಿದರು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ರೋಗ ಹುಟ್ಟುವ ಸ್ಥಳ. ಸೇದುವ ಕುಡಿಯುವ ಪಾಶ್ಚಾತ್ಯ ದೇಶಗಳಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ನಾಲಗೆಗೂ ನಾಲಗೆಯ ಅಡಿಗೂ ಬರುತ್ತದೆ. ಅಗಿದದ್ದನ್ನು ಕೆನ್ನೆಯಲ್ಲಿ ಒತ್ತಿಡುವ ನಮ್ಮವರಿಗೆ ಕೆನ್ನೆಯ ಒಳಮೈಗೆ, ಕೆಳ ಒಸಡಿಗೆ, ಅವೆರಡರ ನಡುವಿನ ಸಂದಿಗೆ ಬರುತ್ತದೆ. ಎಂದರೆ ಕೆಳದವಡೆಯ ಮೂಳೆಗೆ ಅಂಟಿಕೊಂಡೇ. ಇಂಥ ರೋಗಕ್ಕೆ ಸಾಮಾನ್ಯವಾಗಿ ಮೊದಲು ಶಸ್ತ್ರಚಿಕಿತ್ಸೆ, ಬೇಕಾದವರಿಗೆ ಆಮೇಲೆ ಕಿರಣ. ಹೇಗಾದರೂ ಕಿರಣದ ದಾರಿಯಲ್ಲಿ ದವಡೆ ಅಡ್ಡ ಬಂದೇ ಬರುತ್ತದೆ.

ಇನ್ನು ಕಿರಣದ ಕಥೆಗೆ ಬರೋಣ. 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್ಗನ್ ಎಂಬ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡುಹಿಡಿದನು. 1898ರಲ್ಲಿ ಪ್ಯಾರಿಸಿನಲ್ಲಿ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದರು. ಈ ಪತ್ರಿಕೆಯ ವಾಚಕರ ಮನೆಯ ರೇಡಿಯೋ ಹಿಡಿಯುವ ಅಲೆಗಳೂ, ಕ್ಷ-ಕಿರಣಗಳೂ, ರೇಡಿಯಮ್ಮಿನಿಂದ ಹೊರಡುವ ಗಾಮಾ ಕಿರಣಗಳೂ ಒಂದೇ ಕುಲಕ್ಕೆ ಸೇರಿದವು. ರೇಡಿಯೋ ಅಲೆಯ ಉದ್ದ ಮೀಟರುಗಳಲ್ಲಿ. ಕ್ಷ-ಕಿರಣದ ಅಲೆ ಪರಮಾಣುವಿನ ಅಳತೆಯದು. ಅಲೆ ಕಿರಿದಾದಷ್ಟೂ ಅದರ ಹೊಡೆತ ಗಟ್ಟಿ. ರೇಡಿಯೋ ಅಲೆ ನಮ್ಮ ಮೈಯನ್ನು ಹಾದುಹೋದರೂ ಏನೂ ಆಗದು. ಕ್ಷ-ಕಿರಣವಾದರೋ ಜೀವಕೋಶದ ಒಳಗಿನ ಸೂಕ್ಷ್ಮ ಎಳೆಗಳನ್ನೇ ಕಡಿಯಬಲ್ಲದು. ಬೇಗ ಬೇಗ ಒಡೆದು ಬೆಳೆಯುವ ಕ್ಯಾನ್ಸರ್ ಕೋಶ ಈ ಹೊಡೆತಕ್ಕೆ ಹೆಚ್ಚು ಸೋಲುತ್ತದೆ ಎಂಬುದೇ ಕಿರಣಚಿಕಿತ್ಸೆಯ ಮರ್ಮ.

ಮೊದಲ ಇಪ್ಪತ್ತು ಮೂವತ್ತು ವರ್ಷ ಉತ್ಸಾಹದ ಕಾಲ. ರೇಡಿಯಂ ಸೂಜಿಗಳನ್ನು ನಾಲಗೆಗೆ, ಕೆನ್ನೆಗೆ ಚುಚ್ಚಿದರು. ಕ್ಷ-ಕಿರಣದ ಯಂತ್ರವನ್ನು ಮುಖಕ್ಕೆ ಹಿಡಿದರು. ಕತ್ತಿಯಿಲ್ಲದೆ ಹುಣ್ಣು ಕರಗಿದ್ದನ್ನು ಕಂಡವರಿಗೆ ಹಿಗ್ಗು ಸಹಜವೇ. ದವಡೆ ಕೊಳೆಯುವುದು ನಿಧಾನವಾಗಿ ಬೆಳಕಿಗೆ ಬಂತು. 1922ರಲ್ಲಿ ಪ್ಯಾರಿಸಿನ ರೇಡಿಯಂ ಸಂಸ್ಥೆಯ ಕ್ಲಾಡಿಯಸ್ ರೆಗೋ ಎಂಬ ವೈದ್ಯನು ಕಿರಣಚಿಕಿತ್ಸೆಯ ನಂತರ ದವಡೆಯ ಮೂಳೆ ಸಾಯುವುದನ್ನು ವಿವರಿಸಿ ಬರೆದನು. ನಾಲ್ಕು ವರ್ಷದ ಮೇಲೆ ನ್ಯೂಯಾರ್ಕಿನ ಜೇಮ್ಸ್ ಯೂಯಿಂಗ್ ಕಿರಣ ತಾಗಿದ ಎಲುಬಿನಲ್ಲಾಗುವ ಬದಲಾವಣೆಗಳನ್ನು ನಿರೂಪಿಸಿದನು.

ಇದೇ ಹೊತ್ತಿನಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಆರೆಂಜ್ ಎಂಬ ಊರಿನಲ್ಲಿ ನಡೆದ ಘಟನೆಯೊಂದನ್ನು ಇಲ್ಲಿ ಹೇಳಲೇಬೇಕು. ಕತ್ತಲಲ್ಲಿ ಹೊಳೆಯುವ ಗಡಿಯಾರಗಳಿಗೆ ರೇಡಿಯಂ ಬಣ್ಣ ಬಳಿಯುವ ಕಾರ್ಖಾನೆಯಲ್ಲಿ ಹುಡುಗಿಯರು ಕೆಲಸಕ್ಕಿದ್ದರು. ಕುಂಚದ ತುದಿ ಚೂಪಾಗಲೆಂದು ತುಟಿಗಳ ನಡುವೆ ಇಟ್ಟು ತಿರುವಿ ಮತ್ತೆ ಬಣ್ಣಕ್ಕೆ ಅದ್ದುವುದು ಅವರಿಗೆ ಕಲಿಸಿದ್ದ ಕ್ರಮ. ಕೆಲವು ವರ್ಷಗಳಲ್ಲಿ ಅವರ ಹಲ್ಲುಗಳು ಸಡಿಲವಾದವು. ಹಲ್ಲು ಕಿತ್ತ ಗುಳಿಗಳು ಮಾಯಲಿಲ್ಲ. ದವಡೆಯ ಚೂರುಗಳು ಕೈಗೆ ಬಂದವು. ಇದನ್ನು ಮೊದಲು ಗುರುತಿಸಿ 1924ರಲ್ಲಿ ‘ರೇಡಿಯಂ ದವಡೆ’ ಎಂದು ಬರೆದವನು ದೊಡ್ಡ ಆಸ್ಪತ್ರೆಯ ಪ್ರೊಫೆಸರನಲ್ಲ, ಥಿಯೊಡೋರ್ ಬ್ಲಮ್ ಎಂಬ ಹಲ್ಲಿನ ವೈದ್ಯ. ಮರುವರ್ಷ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯನು ಕಾರಣವನ್ನು ಖಚಿತಪಡಿಸಿದನು. ರೇಡಿಯಂ ಸುಣ್ಣದ ಜಾತಿಯ ಧಾತು. ಹೊಟ್ಟೆಗೆ ಹೋದದ್ದು ಎಲುಬಿನಲ್ಲಿ ಹೋಗಿ ಕೂತುಬಿಡುತ್ತದೆ. ಗ್ರೇಸ್ ಫ್ರೈಯರ್ ಮತ್ತು ಅವಳ ಸಂಗಡಿಗರು ಕಂಪೆನಿಯ ಮೇಲೆ ದಾವೆ ಹೂಡಿದರು. 1928ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಕೆಲವರು ತೀರಿಹೋಗಿದ್ದರು. ಅದಕ್ಕೂ ಹಿಂದೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಬೆಂಕಿಕಡ್ಡಿ ಕಾರ್ಖಾನೆಗಳ ಕೂಲಿಗಳಿಗೆ ಬಿಳಿ ರಂಜಕದ ಹೊಗೆಯಿಂದ ದವಡೆ ಕೊಳೆಯುತ್ತಿತ್ತು. ವಿಯೆನ್ನಾದಲ್ಲಿ 1845ರಲ್ಲಿಯೇ ಅದನ್ನು ಬರೆದಿಟ್ಟಿದ್ದಾರೆ. ರಂಜಕವಾಗಲಿ, ರೇಡಿಯಮ್ಮಾಗಲಿ, ಯಂತ್ರದ ಕಿರಣವಾಗಲಿ, ಕೊನೆಗೆ ಬಿದ್ದದ್ದು ದವಡೆಯೇ.

ಏಕೆ ಹೀಗೆ? ತೊಡೆಯ ಎಲುಬನ್ನೂ ಬೆನ್ನೆಲುಬನ್ನೂ ಬಿಟ್ಟು ದವಡೆಯೇ ಏಕೆ? ನಮ್ಮ ಮೈಯ ಬೇರೆಲ್ಲ ಎಲುಬುಗಳೂ ಚರ್ಮ ಮಾಂಸಗಳ ಒಳಗೆ ಭದ್ರವಾಗಿವೆ. ದವಡೆಯಲ್ಲಿ ಮಾತ್ರ ಎಲುಬಿನೊಳಗೆ ಬೇರೂರಿದ ಹಲ್ಲುಗಳು ಹೊರಗಿನ ಲೋಕಕ್ಕೆ ತಲೆ ಹಾಕಿ ನಿಂತಿವೆ. ಬಾಯಿ ಲಕ್ಷಾಂತರ ಸೂಕ್ಷ್ಮಜೀವಿಗಳ ಬೀಡು. ಹಲ್ಲು ಹುಳುಕಾದರೆ ಅವು ಎಲುಬಿನ ಒಳಮನೆಗೆ ನೇರವಾಗಿ ಇಳಿಯಬಹುದು. ಹಲ್ಲು ಕಿತ್ತರೆ ಬಾಗಿಲು ಪೂರ್ತಿ ತೆರೆಯಿತು. ಆರೋಗ್ಯವಂತನಲ್ಲಿ ಆ ಗುಳಿಗೆ ರಕ್ತ ತುಂಬಿ ಹೆಪ್ಪುಗಟ್ಟಿ ಹೊಸ ಎಲುಬು ಕಟ್ಟಿಕೊಳ್ಳುತ್ತದೆ. ಕಿರಣ ತಾಗಿದವನಲ್ಲಿ ಸಣ್ಣ ರಕ್ತನಾಳಗಳು ವರ್ಷ ಹೋದಂತೆ ಮುಚ್ಚಿಕೊಳ್ಳುತ್ತ ಹೋಗುತ್ತವೆ. ಕೆಳದವಡೆಗೆ ಮೊದಲೇ ರಕ್ತದ ಸರಬರಾಜು ಕಡಮೆ. ಮೇಲ್ದವಡೆಗೆ ನಾಲ್ಕಾರು ಕಡೆಯಿಂದ ನಾಳಗಳು ಬಂದು ಕೂಡುತ್ತವೆ; ಕೆಳದವಡೆಗೆ ಹೆಚ್ಚುಕಡಮೆ ಒಂದೇ ಮುಖ್ಯ ನಾಳ, ಎಲುಬೂ ಗಟ್ಟಿ. ಒಂದೇ ತೂಬಿನಿಂದ ನೀರು ಬರುವ ಗದ್ದೆ ಇದ್ದಂತೆ. ತೂಬು ಕಟ್ಟಿದರೆ ಪಕ್ಕದ ಕಾಲುವೆಯೂ ಇಲ್ಲ. ಆದುದರಿಂದಲೇ ಈ ರೋಗ ಮೇಲ್ದವಡೆಗಿಂತ ಕೆಳದವಡೆಗೆ ಬಹಳ ಹೆಚ್ಚು.

ಇದರ ಜೊತೆಗೆ ಜೊಲ್ಲಿನ ವಿಷಯವಿದೆ. ಜೊಲ್ಲನ್ನು ನಾವು ಹೀನವಾಗಿ ಕಾಣುತ್ತೇವೆ. ಹಲ್ಲನ್ನು ಹಗಲಿರುಳು ತೊಳೆದು, ಹುಳಿಯನ್ನು ಮುರಿದು, ಸವೆದ ಸುಣ್ಣವನ್ನು ಮತ್ತೆ ತುಂಬಿಕೊಡುವ ಆಳು ಅದೇ. ಕಿರಣ ಕೆನ್ನೆಯ ಜೊಲ್ಲುಗ್ರಂಥಿಗಳಿಗೆ ತಾಗಿದರೆ ಒಂದೆರಡು ವಾರಗಳಲ್ಲೇ ಬಾಯಿ ಒಣಗತೊಡಗುತ್ತದೆ. ಎಷ್ಟೋ ಜನರಿಗೆ ಜೊಲ್ಲು ಮೊದಲಿನ ಮಟ್ಟಕ್ಕೆ ಮರಳುವುದೇ ಇಲ್ಲ. ಆಗ ಹಲ್ಲುಗಳು ಒಸಡಿನ ಅಂಚಿನಲ್ಲಿ, ಕುತ್ತಿಗೆ ಕೊಯ್ದ ಹಾಗೆ, ಸುತ್ತಲೂ ಹುಳುಕಾಗುತ್ತವೆ. ಒಂದೆರಡು ವರ್ಷದಲ್ಲಿ ಬಾಯ್ತುಂಬ ಕರಿಯ ಮೋಟುಗಳು. ಡೆಲ್ ರೆಗಾಟೊ ಎಂಬ ವೈದ್ಯನು 1939ರಲ್ಲಿ ಇದನ್ನು ವಿವರವಾಗಿ ಬರೆದನು. ಕಿರಣ ಎಲುಬನ್ನು ದುರ್ಬಲ ಮಾಡಿತು. ಜೊಲ್ಲು ಬತ್ತಿ ಹಲ್ಲು ಕೆಟ್ಟಿತು. ಕೆಟ್ಟ ಹಲ್ಲನ್ನು ಕೀಳಿಸಬೇಕಾಯಿತು. ಕಿತ್ತ ಗುಳಿ ಮಾಯಲಿಲ್ಲ. ಸಂಕಲೆಯ ಕೊಂಡಿಗಳು ಹೀಗೆ.

ಈ ಸಂಕಲೆಯನ್ನು ಎಲ್ಲಿ ಕತ್ತರಿಸಬೇಕು? ಮೊದಲು ತೋಚಿದ ಉಪಾಯ ಒರಟಾದದ್ದು. ಹಲ್ಲೇ ಇಲ್ಲದಿದ್ದರೆ ಕೀಳುವ ಪ್ರಮೇಯವೇ ಇಲ್ಲವಷ್ಟೆ? ಆದ್ದರಿಂದ ಕಿರಣ ಕೊಡುವುದಕ್ಕೆ ಮುಂಚೆ ಬಾಯಲ್ಲಿರುವ ಹಲ್ಲುಗಳನ್ನೆಲ್ಲ, ಗಟ್ಟಿಯಾದವನ್ನೂ ಸೇರಿಸಿ, ಕಿತ್ತುಬಿಡುವುದು. ಹತ್ತಾರು ವರ್ಷ ಅನೇಕ ಆಸ್ಪತ್ರೆಗಳಲ್ಲಿ ಇದೇ ನಡೆಯಿತು. ಪ್ರಾಣಭಯದಲ್ಲಿರುವವನಿಗೆ ಮೂವತ್ತೆರಡು ಹಲ್ಲು ದೊಡ್ಡದಲ್ಲ ಎಂಬ ಭಾವ ಅದರ ಹಿಂದೆ ಇತ್ತೆಂದು ನನಗೆ ತೋರುತ್ತದೆ. ಅವಸರದಲ್ಲಿ ಕಿತ್ತ ಗುಳಿಗಳು ಮಾಯುವ ಮುಂಚೆಯೇ ಕಿರಣ ಶುರುವಾದರೆ ಆ ಗುಳಿಗಳೇ ರೋಗದ ಬಾಗಿಲಾಗುತ್ತಿದ್ದವು. ಒಣಗಿದ ಬಾಯಿಗೆ ಕಟ್ಟಿಸಿದ ಹಲ್ಲಿನ ಸೆಟ್ಟು ಉಜ್ಜಿ ಹುಣ್ಣಾದರೆ ಅದೂ ಇನ್ನೊಂದು ಬಾಗಿಲು.

ಎಲುಬಿಗೆ ಬೀಳುವ ಹೊಡೆತವನ್ನೇ ಕಡಮೆ ಮಾಡುವ ಪ್ರಯತ್ನ ಬೇರೊಂದು ಕಡೆ ನಡೆದಿತ್ತು. ಮೇಲೆ ಹೇಳಿದ ರೆಗೋ ಟಗರುಗಳ ಮೇಲೆ ಒಂದು ಪ್ರಯೋಗ ಮಾಡಿದ್ದನು. ಟಗರಿನ ಬೀಜವನ್ನು ಒಂದೇ ಏಟಿನ ಕಿರಣದಿಂದ ಬಂಜೆಗೊಳಿಸಹೋದರೆ ಮೇಲಿನ ಚರ್ಮವೂ ಸುಟ್ಟುಹೋಗುತ್ತಿತ್ತು. ಅದನ್ನೇ ಹಲವು ದಿನಗಳಿಗೆ ಹಂಚಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟರೆ ಬೀಜ ಬಂಜೆಯಾಯಿತು, ಚರ್ಮ ಉಳಿಯಿತು. ಅದೇ ಸಂಸ್ಥೆಯ ಹೆನ್ರಿ ಕುತಾರ್ ಈ ತತ್ತ್ವವನ್ನು ಗಂಟಲು ಬಾಯಿಗಳ ಕ್ಯಾನ್ಸರಿಗೆ ಹಚ್ಚಿದನು. ಇಂದು ರೋಗಿಯನ್ನು ವಾರಕ್ಕೆ ಐದು ದಿನದಂತೆ ಆರೇಳು ವಾರ ಕರೆಯುವುದೇಕೆ, ಒಂದೇ ದಿನ ಮುಗಿಸಿ ಕಳುಹಿಸಬಾರದೇಕೆ ಎಂದು ಕೇಳುವವರಿಗೆ ಉತ್ತರ ಆ ಟಗರುಗಳಲ್ಲಿದೆ. ದಿನಕ್ಕೆ ಸುಮಾರು 2 ಗ್ರೇ, ಒಟ್ಟು 60ರಿಂದ 70 ಗ್ರೇ; ಗ್ರೇ ಎಂಬುದು ಕಿರಣದ ತೂಕದ ಕಲ್ಲು.

ಎರಡನೆಯ ತಿರುವು 1951ರಲ್ಲಿ ಕೆನಡಾದಲ್ಲಿ ಬಂತು. ಹಳೆಯ ಕ್ಷ-ಕಿರಣ ಯಂತ್ರಗಳ ಶಕ್ತಿ ಕಡಮೆ. ಅಂಥ ಕಿರಣವನ್ನು ಸುಣ್ಣವಿರುವ ಎಲುಬು ಪಕ್ಕದ ಮಾಂಸಕ್ಕಿಂತ ಎಷ್ಟೋ ಹೆಚ್ಚು ಹೀರಿಕೊಳ್ಳುತ್ತದೆ. ಕೈಯ ಎಕ್ಸರೇ ತೆಗೆದಾಗ ಎಲುಬು ಬೆಳ್ಳಗೆ ಎದ್ದು ಕಾಣುವುದು ಇದೇ ಕಾರಣದಿಂದ. ಚಿತ್ರ ತೆಗೆಯುವುದಕ್ಕೆ ಅನುಕೂಲವಾದ ಈ ಗುಣವೇ ಚಿಕಿತ್ಸೆಯಲ್ಲಿ ದವಡೆಗೆ ಮಾರಕವಾಯಿತು: ಹುಣ್ಣಿಗೆಂದು ಅಳೆದು ಕೊಟ್ಟದ್ದಕ್ಕಿಂತ ಹೆಚ್ಚಿನ ಪಾಲು ಎಲುಬಿನ ಪಾಲಾಗುತ್ತಿತ್ತು. ಕೋಬಾಲ್ಟ್-60 ಯಂತ್ರದ ಕಿರಣ ಬಹು ಶಕ್ತಿಯುತವಾದ್ದರಿಂದ ಎಲುಬು ಮಾಂಸಗಳಲ್ಲಿ ಹೆಚ್ಚುಕಡಮೆ ಸಮನಾಗಿ ಹಂಚಿಕೆಯಾಗುತ್ತದೆ. ಯಂತ್ರ ಬದಲಾದದ್ದರಿಂದಲೇ ಎಷ್ಟೋ ದವಡೆಗಳು ಉಳಿದವು.

ನಮ್ಮ ದಕ್ಷಿಣಕ್ಕೆ ಇವೆಲ್ಲ ಹೇಗೆ ಬಂದವೆಂಬುದನ್ನು ಚುಟುಕಾಗಿ ಹೇಳಬಹುದು. ಮದ್ರಾಸಿನಲ್ಲಿ 1934ರಲ್ಲಿ ಬಾರ್ನಾರ್ಡ್ ವಿಕಿರಣ ಸಂಸ್ಥೆ, ಬೊಂಬಾಯಿಯಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ, ಮತ್ತೆ ಮದ್ರಾಸಿನ ಅಡಯಾರಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಶ್ರಮದಿಂದ 1954ರಲ್ಲಿ ಕ್ಯಾನ್ಸರ್ ಸಂಸ್ಥೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು 1958ರಲ್ಲಿಯೂ, ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿಯೂ ಆರಂಭವಾದವು. ಮಂಜರಾಬಾದಿನ ಕೋಟೆಯ ಕೆಳಗೆ ಕಾಫಿ ಮೂಟೆಯ ಲಾರಿಗಳು ಓಡಾಡಿದಷ್ಟು ಸುಲಭವಾಗಿ ರೋಗಿಗಳು ಓಡಾಡುವಂತಿರಲಿಲ್ಲ. ಸಕಲೇಶಪುರದಿಂದ ಬೆಂಗಳೂರು ಸುಮಾರು 220 ಕಿಲೋಮೀಟರು. ಹೋದರೆ ಆರೇಳು ವಾರ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಇರಬೇಕು. ಜೊತೆಗೊಬ್ಬರು ಕೂಲಿ ಬಿಟ್ಟು ನಿಲ್ಲಬೇಕು. ಹೀಗೆ ಕಷ್ಟಪಟ್ಟು ಗುಣವಾಗಿ ಬಂದವರ ದವಡೆ ಒಂದು ಹಲ್ಲಿನ ದೆಸೆಯಿಂದ ಹೋಗಬಾರದಲ್ಲವೆ?

ಹಲ್ಲನ್ನು ಕೀಳುವ ಬದಲು ಉಳಿಸಿಕೊಳ್ಳುವ ದಾರಿ ತೆರೆದದ್ದು ಅಮೆರಿಕದ ಹ್ಯೂಸ್ಟನ್ನಿನ ಎಂ. ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ, 1970ರ ದಶಕದಲ್ಲಿ. ಅಲ್ಲಿಯ ದಂತವೈದ್ಯರು ರೋಗಿಯ ಹಲ್ಲುಸಾಲಿನ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಕೂರುವ ಮೆತುವಾದ ತಟ್ಟೆಯೊಂದನ್ನು ಮಾಡಿಕೊಟ್ಟರು. ಅದರೊಳಗೆ ಫ್ಲೋರೈಡ್ ಲೇಪವನ್ನು ಹಚ್ಚಿ ದಿನಕ್ಕೊಮ್ಮೆ ಐದು ಹತ್ತು ನಿಮಿಷ ಹಲ್ಲಿಗೆ ತೊಡಿಸಿಕೊಳ್ಳಬೇಕು. ಕಷ್ಟವೇನೂ ಇಲ್ಲ, ಆದರೆ ಜೀವಮಾನಪರ್ಯಂತ ಬಿಡುವಂತಿಲ್ಲ. ಜೊಲ್ಲು ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಈ ಲೇಪ ಮಾಡಿತು. ಹಲ್ಲು ಹುಳುಕಾಗುವುದು ಬಹುಮಟ್ಟಿಗೆ ನಿಂತಿತು. ಸಂಕಲೆಯ ನಡುವಣ ಕೊಂಡಿ ಕಳಚಿದ್ದು ಅಲ್ಲಿ. ಗಟ್ಟಿ ಹಲ್ಲನ್ನು ಬಿಡಬಹುದು, ಕೆಟ್ಟದ್ದನ್ನು ಮಾತ್ರ ಮೊದಲೇ ತೆಗೆದರೆ ಸಾಕು ಎಂಬ ಧೈರ್ಯ ಆಮೇಲೆ ಬಂತು. ನೂರು ವರ್ಷದ ಈ ಕಥೆಯಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ್ದು ದೊಡ್ಡ ಯಂತ್ರಗಳಷ್ಟೇ ಈ ಸಣ್ಣ ತಟ್ಟೆ ಕೂಡ ಎಂದು ನನ್ನ ಎಣಿಕೆ.

ಎಲುಬು ಸಾಯುವ ಬಗೆಯ ಮೇಲೂ ವಿದ್ವಾಂಸರಲ್ಲಿ ವಾದ ನಡೆಯಿತು. 1970ರಲ್ಲಿ ಮೇಯರ್ ಎಂಬುವನು ಕಿರಣ, ಗಾಯ, ಸೋಂಕು ಈ ಮೂರೂ ಸೇರಿ ರೋಗವಾಗುತ್ತದೆಂದನು. 1983ರಲ್ಲಿ ರಾಬರ್ಟ್ ಮಾರ್ಕ್ಸ್ ಎಂಬ ಶಸ್ತ್ರವೈದ್ಯನು ಸತ್ತ ದವಡೆಗಳನ್ನು ಪರೀಕ್ಷಿಸಿ ಬೇರೆ ಮಾತು ಹೇಳಿದನು: ಸೂಕ್ಷ್ಮಜೀವಿಗಳು ಮೇಲ್ಮೈಯಲ್ಲಿವೆ, ಎಲುಬಿನ ಆಳದಲ್ಲಿಲ್ಲ, ಎಲುಬಿನಲ್ಲಿ ರಕ್ತನಾಳ ಕಡಮೆ, ಜೀವಕೋಶ ಕಡಮೆ, ಆಮ್ಲಜನಕ ಕಡಮೆ, ಇದು ಮಾಯಲಾರದ ಗಾಯವೇ ಹೊರತು ಬರೀ ಸೋಂಕಲ್ಲ. ಹಲ್ಲು ಕೀಳದೆ, ಯಾವ ಪೆಟ್ಟೂ ಬೀಳದೆ ತಾನಾಗಿಯೇ ಎಲುಬು ಸಾಯುವ ರೋಗಿಗಳೂ ಇದ್ದರೆಂಬುದಕ್ಕೆ ಇದರಿಂದ ಸಮಾಧಾನ ಸಿಕ್ಕಿತು. ಆಮ್ಲಜನಕ ಕಡಮೆಯೆಂದಾದರೆ ಅದನ್ನೇ ಕೊಡೋಣವೆಂದು ಅವನು ರೋಗಿಗಳನ್ನು ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದನು; ಹಲ್ಲು ಕೀಳುವ ಮೊದಲು 20 ಸಲ, ಆಮೇಲೆ 10 ಸಲ. 1985ರಲ್ಲಿ ಪ್ರಕಟವಾದ ಅವನ ಪರೀಕ್ಷೆಯಲ್ಲಿ ಫಲ ಚೆನ್ನಾಗಿಯೇ ಕಂಡಿತು. ಮೂರು ದಶಕ ಈ ಕೋಣೆಗಳು ಬಹು ಕೀರ್ತಿ ಪಡೆದವು. 2019ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ಆ ಕೀರ್ತಿ ನಿಲ್ಲಲಿಲ್ಲ: ಕೋಣೆಯಲ್ಲಿ ಕೂತವರಿಗೂ ಕೂರದವರಿಗೂ ರೋಗ ಬಂದದ್ದು ಹೆಚ್ಚುಕಡಮೆ ಸಮ, ನೂರರಲ್ಲಿ ಆರರಂತೆ. ದುಬಾರಿ ಕೋಣೆ ನಮ್ಮ ಜಿಲ್ಲೆಯಲ್ಲಿಲ್ಲವೆಂದು ಕೊರಗುವ ಕಾರಣ ಇದರಿಂದ ಬಹಳ ಮಟ್ಟಿಗೆ ತಪ್ಪಿತು.

ಈಚಿನ ಯಂತ್ರಗಳು ಇನ್ನೂ ಜಾಣವಾಗಿವೆ. ಹಲವು ದಿಕ್ಕಿನಿಂದ, ಹೆಚ್ಚು ಕಡಮೆ ಬಲದ ಎಳೆಎಳೆಯಾದ ಕಿರಣಗಳನ್ನು ಬಿಟ್ಟು, ಹುಣ್ಣಿನ ಆಕಾರಕ್ಕೆ ತಕ್ಕಂತೆ ಕೂಡಿಸಿ, ಜೊಲ್ಲುಗ್ರಂಥಿಯನ್ನೂ ದವಡೆಯನ್ನೂ ಆದಷ್ಟು ತಪ್ಪಿಸುವ ವಿಧಾನ 1990ರ ದಶಕದಿಂದ ಬೆಳೆಯಿತು. ದವಡೆಗೆ 60 ಗ್ರೇ ಮೀರಿ ಬಿದ್ದರೆ ಅಪಾಯ ಏರುತ್ತದೆಂದು ತಿಳಿದಿರುವುದರಿಂದ ಯೋಜನೆ ಹಾಕುವಾಗ ಆ ಗೆರೆಯನ್ನು ನೋಡಿಕೊಳ್ಳುತ್ತಾರೆ. ಹಲ್ಲುಗಳ ನಡುವೆ ಬಿರಡೆಯಂಥದೊಂದನ್ನು ಕಚ್ಚಿಸಿ ಎರಡು ದವಡೆಗಳನ್ನು ದೂರ ಹಿಡಿಸುವುದೂ ಉಂಟು. ನಾಲಗೆಗೆ ಸೂಜಿ ಇಟ್ಟು ಕಿರಣ ಕೊಡುವಾಗ ನಾಲಗೆಗೂ ದವಡೆಗೂ ಮಧ್ಯೆ ಸೀಸದ ಹಲಗೆಯನ್ನು ಮರೆಯಾಗಿಡುವುದೂ ಉಂಟು. ಇಷ್ಟಾದರೂ ಕೆಳ ಒಸಡಿಗೇ ಅಂಟಿದ ರೋಗದಲ್ಲಿ ಎಲುಬನ್ನು ಪೂರ್ತಿ ತಪ್ಪಿಸಲು ಯಾವ ಯಂತ್ರಕ್ಕೂ ಆಗದು. ಅಲ್ಲಿ ಉಳಿದಿರುವುದು ಹಲ್ಲಿನ ಪಾಲನೆ.

ಈಗ ಅನುಸರಿಸುವ ಕ್ರಮ ಹೀಗಿದೆ. ಕಿರಣವೆಂದು ನಿಶ್ಚಯವಾದ ಕೂಡಲೇ ದಂತವೈದ್ಯರು ಬಾಯಿಯನ್ನು ನೋಡಬೇಕು. ಉಳಿಯುವ ಹಲ್ಲನ್ನು ತುಂಬಿಸಿ, ಉಳಿಯಲಾರದ್ದನ್ನು ಆಗಲೇ ಕೀಳಬೇಕು. ಕಿತ್ತ ಮೇಲೆ ಕಿರಣಕ್ಕೆ ಮುಂಚೆ ಎರಡು ಮೂರು ವಾರ ಬಿಡುವು ಸಿಕ್ಕರೆ ಒಳ್ಳೆಯದು, ಹತ್ತು ಹದಿನಾಲ್ಕು ದಿನವಾದರೂ ಬೇಕು. ಹಾಗೆಂದು ಹಲ್ಲಿನ ನೆಪದಲ್ಲಿ ಕ್ಯಾನ್ಸರಿನ ಚಿಕಿತ್ಸೆಯನ್ನೇ ತಿಂಗಳುಗಟ್ಟಲೆ ಮುಂದೂಡುವುದು ತಪ್ಪು. ಮೊದಲು ಶಸ್ತ್ರಚಿಕಿತ್ಸೆ ಆಗುವವರಿಗೆ ಅದೇ ಮೇಜಿನ ಮೇಲೆ ಕೆಟ್ಟ ಹಲ್ಲನ್ನೂ ತೆಗೆದುಬಿಡುವುದು ಜಾಣತನ. ಗಾಯ ಎರಡೂ ಒಟ್ಟಿಗೆ ಮಾಯುತ್ತವೆ. ದೊಡ್ಡ ಆಸ್ಪತ್ರೆಗಳಲ್ಲಿ ಜನಸಂದಣಿಯಿಂದ ಹಲ್ಲಿನ ಪರೀಕ್ಷೆಗೆ ದಿನ ಸಿಗದೆ ಹೋಗುವುದುಂಟು. ನಮ್ಮ ತಾಲ್ಲೂಕುಗಳಿಂದ ಹೊರಡುವವರು ಬೆಂಗಳೂರೋ ಮೈಸೂರೋ ಮಣಿಪಾಲವೋ ಎಲ್ಲಿಗೇ ಹೋಗಲಿ, ಹಾಸನದಲ್ಲಿ ಇಳಿದು ಹಲ್ಲು ತೋರಿಸಿ, ಅಲ್ಲಿ ಕಂಡದ್ದನ್ನು ಬರೆಸಿಕೊಂಡು ಹೋಗಬಹುದು. ಸಕಲೇಶಪುರದಿಂದ ಅದು 40 ಕಿಲೋಮೀಟರಿನ ದಾರಿ. ಅಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ.

ಚಿಕಿತ್ಸೆಯಾದ ಮೇಲೆ ಎಲೆ ಅಡಿಕೆ, ಹೊಗೆಸೊಪ್ಪು, ಬೀಡಿಗಳ ಮಾತೇ ಬೇಡ. ಫ್ಲೋರೈಡ್ ತಟ್ಟೆ ಸಿಗದವರು ಹೆಚ್ಚು ಫ್ಲೋರೈಡಿನ ಪೇಸ್ಟನ್ನು ವೈದ್ಯರಿಂದ ಬರೆಸಿಕೊಳ್ಳಬಹುದು. ಬಾಯಿ ಬಿಗಿಯದಂತೆ ದಿನವೂ ತೆರೆದು ಮುಚ್ಚುವ ವ್ಯಾಯಾಮ ಮಾಡಬೇಕು. ಅಡಿಕೆ ಅಗಿದವರ ಕೆನ್ನೆ ಮೊದಲೇ ಗಡುಸಾಗಿರುತ್ತದೆ, ಬಾಯಿಯೇ ತೆರೆಯದಿದ್ದರೆ ಹಲ್ಲುಜ್ಜುವುದು ಹೇಗೆ? ಹಲ್ಲು ನೋಯ್ದರೆ ಕೀಳುವುದು ಕೊನೆಯ ಮಾತು. ಬೇರಿನ ನಾಳವನ್ನು ಶುಚಿ ಮಾಡಿ ತುಂಬಿ, ಬೇಕಾದರೆ ಮೇಲಿನ ತಲೆಯನ್ನಷ್ಟೇ ಕತ್ತರಿಸಿ, ಬೇರನ್ನು ಎಲುಬಿನಲ್ಲೇ ಬಿಡುವ ವಿಧಾನವಿದೆ. ಕೀಳಲೇಬೇಕಾದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯವರ ಸಲಹೆಯಂತೆ, ಒಂದು ಸಲಕ್ಕೆ ಒಂದೋ ಎರಡೋ, ಎಲುಬು ನೋಯದಂತೆ ಕೀಳಬೇಕು.

ಇಷ್ಟರ ಮೇಲೂ ಎಲುಬು ಹೊರಗೆ ಕಂಡು ವಾರಗಳಾದರೂ ಮುಚ್ಚದಿದ್ದರೆ, ಕೆಳತುಟಿ ಜೋಮು ಹಿಡಿದರೆ, ಕೀವು ಬಂದರೆ, ನಾಟಿ ಔಷಧದ ಪ್ರಯೋಗಕ್ಕೆ ಹೋಗದೆ ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕು. ಆರಂಭದಲ್ಲಾದರೆ ಬಾಯಿ ತೊಳೆಯುವುದು, ಔಷಧ, ಸತ್ತ ಚೂರನ್ನು ತೆಗೆಯುವುದು, ಇವುಗಳಲ್ಲೇ ಮುಗಿಯಬಹುದು. ದವಡೆಯೇ ಮುರಿದವರಿಗೂ ಈಗ ದಾರಿಯಿಲ್ಲದಿಲ್ಲ. 1989ರಲ್ಲಿ ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಎಂಬ ಶಸ್ತ್ರವೈದ್ಯನು ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸಣ್ಣ ಎಲುಬನ್ನು ರಕ್ತನಾಳದ ಸಮೇತ ತೆಗೆದು, ದವಡೆಯ ಬಾಗಿಗೆ ತಕ್ಕಂತೆ ತುಂಡರಿಸಿ ಜೋಡಿಸುವ ಕ್ರಮವನ್ನು ಪ್ರಕಟಿಸಿದನು. ಇಂದು ಭಾರತದ ದೊಡ್ಡ ಆಸ್ಪತ್ರೆಗಳಲ್ಲಿಯೂ ಅದು ನಡೆಯುತ್ತದೆ. ಹತ್ತಾರು ಗಂಟೆಯ ಆ ಕೆಲಸದ ಮುಂದೆ ಒಂದು ಹಲ್ಲನ್ನು ಸಮಯಕ್ಕೆ ತೋರಿಸುವುದು ಎಷ್ಟು ಹಗುರವೆಂಬುದನ್ನು ವಾಚಕರೇ ತೂಗಿ ನೋಡಬಹುದು.

ಆಸ್ಪತ್ರೆಯಿಂದ ಬರುವಾಗ ಕೊಡುವ ಕಾಗದದಲ್ಲಿ ಕಿರಣ ಯಾವ ಭಾಗಕ್ಕೆ, ಎಷ್ಟು ಗ್ರೇ, ಯಾವ ವರ್ಷ ಎಂಬುದಿರುತ್ತದೆ. ಸಾಮಾನ್ಯವಾಗಿ ಅದು ರೇಷನ್ ಕಾರ್ಡಿನ ಜೊತೆ ಪೆಟ್ಟಿಗೆ ಸೇರುತ್ತದೆ. ಹತ್ತು ವರ್ಷ ಕಳೆದಿದ್ದರೂ ಸರಿಯೆ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲು ಆ ಕಾಗದವನ್ನು ತೆರೆದು ಅವರ ಕೈಗೆ ಕೊಡಬೇಕು.